ಚಿಂಚಿಲ್ಲಾ ಧೂಳಿನಲ್ಲಿ ಹೊರಳುತ್ತಿಲ್ಲ, ಅಲ್ಲೇ ಗಲೀಜು ಮಾಡುತ್ತದೆ. ಅಭ್ಯಾಸ ಮಾಡಿಸುವುದು ಹೇಗೆ?

ನ್ಯೂಜೆರ್ಸಿಯ ನಿಮ್ಮ ಮನೆಗೆ ಬಂದ ಹೊಸ ಚಿಂಚಿಲ್ಲಾ (ಒತ್ತಾದ ತುಪ್ಪಳದ, ಇಲಿ ಜಾತಿಯ ಸಾಕುಪ್ರಾಣಿ) ಹೊರಳಿ ಮೈ ಶುಚಿ ಮಾಡಿಕೊಳ್ಳಲಿ ಅಂತ ಇಟ್ಟ ಧೂಳಿನ ಡಬ್ಬಿಗೆ ಇಳಿದು ಸುಮ್ನೆ ಕೂರುತ್ತದೆ, ಅದನ್ನೇ ಕಕ್ಕಸು ಮಾಡಿಕೊಂಡಿದೆ ಅಂತ ಬರೆದಿದ್ದೀರಿ. ಡಬ್ಬಿ ಹಗಲೂ ರಾತ್ರಿ ಪಂಜರದಲ್ಲೇ ಇರುತ್ತದೆ ಅಂತಲೂ ಹೇಳಿದ್ದೀರಿ. ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

ನಾನು ಡೆನ್ವರ್‌ನಲ್ಲಿ ಎರಡು ಚಿಂಚಿಲ್ಲಾ ಸಾಕಿದ್ದೇನೆ. ಮೊದಲು ಆ ಡಬ್ಬಿಯನ್ನು ಹೊರಗೆ ತೆಗೆಯಿರಿ. ವಾರಕ್ಕೆ ಎರಡು ಮೂರು ಸಲ ಮಾತ್ರ, ಸಂಜೆ ಹೊತ್ತು, 10–15 ನಿಮಿಷ ಇಡಿ. ಆಮೇಲೆ ತೆಗೆದುಬಿಡಿ. ಸದಾ ಕಣ್ಣೆದುರೇ ಇದ್ದರೆ ಅದಕ್ಕೆ ಅದೂ ಪಂಜರದ ಇನ್ನೊಂದು ಮೂಲೆ ಅಷ್ಟೇ. ಅಲ್ಲೇ ಮಲಗುತ್ತದೆ, ಅಲ್ಲೇ ಉಚ್ಚೆ ಮಾಡುತ್ತದೆ. ಜೊತೆಗೆ ಧೂಳು ಜಾಸ್ತಿಯಾದರೆ ಚರ್ಮ ಒಣಗಿ ಹೊಟ್ಟೇಳುತ್ತದೆ, ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ.

ನಿದ್ದೆಯಿಂದ ಎದ್ದ ಕೂಡಲೇ ಡಬ್ಬಿ ಇಡಬೇಡಿ. ಎದ್ದು, ಓಡಾಡಿ, ತನ್ನ ಮೂಲೆಯಲ್ಲಿ ಉಚ್ಚೆ ಮುಗಿಸಿಕೊಳ್ಳಲಿ. ಒದ್ದೆಯಾದ ಹಾಸನ್ನು ಸ್ವಲ್ಪ ಆ ಮೂಲೆಯಲ್ಲೇ ಬಿಟ್ಟರೆ ವಾಸನೆ ಹಿಡಿದು ಮತ್ತೆ ಅಲ್ಲಿಗೇ ಹೋಗುತ್ತದೆ. ಉಚ್ಚೆಗೆ ಒಂದು ಜಾಗ ಕಲಿಸಬಹುದು. ಹಿಕ್ಕೆಯ ವಿಷಯದಲ್ಲಿ ಮಾತ್ರ ಆಸೆ ಬಿಡಿ, ಅದು ಓಡಾಡಿದಲ್ಲೆಲ್ಲ ಉದುರುತ್ತದೆ. ಧೂಳಿಗಾಗಿಯೇ ಒಂದು ಜರಡಿ ಇಟ್ಟುಕೊಂಡು ಪ್ರತಿ ಸಲ ಜರಡಿ ಹಿಡಿಯಿರಿ. ಒದ್ದೆಯಾಗಿ ಗಂಟು ಕಟ್ಟಿದ ಧೂಳನ್ನು ಮತ್ತೆ ಬಳಸಬೇಡಿ.

ಇನ್ನು ಹೊರಳದೇ ಇರುವುದು. ಡಬ್ಬಿಯಲ್ಲಿ ಏನು ಹಾಕಿದ್ದೀರಿ ಅಂತ ಒಮ್ಮೆ ನೋಡಿ. ಅಂಗಡಿಯಲ್ಲಿ ಚಿಂಚಿಲ್ಲಾ ಮರಳು ಅಂತಲೂ ಮಾರುತ್ತಾರೆ, ಅದು ಬೇಡ. ಇವು ಚಿಲಿ ದೇಶದ ಆಂಡಿಸ್ ಬೆಟ್ಟಗಳ ಪ್ರಾಣಿ, ಅಲ್ಲಿನ ಜ್ವಾಲಾಮುಖಿಯ ನುಣ್ಣನೆ ಬೂದಿಯಲ್ಲಿ ಹೊರಳಿ ಬೆಳೆದ ಜಾತಿ. ಒಂದೊಂದು ರಂಧ್ರದಿಂದಲೇ 50ಕ್ಕೂ ಹೆಚ್ಚು ಕೂದಲು ಬರುವಷ್ಟು ಒತ್ತಾದ ತುಪ್ಪಳ. ಮರಳಿನ ಕಾಳು ಅದರ ಬುಡಕ್ಕೆ ಇಳಿಯುವುದಿಲ್ಲ, ಕೂದಲನ್ನೂ ಮುರಿಯುತ್ತದೆ. ಪ್ಯೂಮಿಸ್ ಅನ್ನುವ ಹಗುರ ಜ್ವಾಲಾಮುಖಿ ಕಲ್ಲಿನ ಹಿಟ್ಟಿನಂಥ ಪುಡಿ ಬುಡದವರೆಗೆ ಹೋಗಿ ಜಿಡ್ಡನ್ನೂ ತೇವವನ್ನೂ ಹೀರುತ್ತದೆ. ಟಾಲ್ಕಂ ಪೌಡರ್, ಜೋಳದ ಹಿಟ್ಟು ಇಂಥದ್ದನ್ನು ಹಾಕಲೇಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ನೀರಿನ ಸ್ನಾನವಂತೂ ಬೇಡವೇ ಬೇಡ. ಆ ತುಪ್ಪಳ ಬುಡದವರೆಗೆ ಬೇಗ ಒಣಗುವುದಿಲ್ಲ, ಚಳಿ ಹಿಡಿಯುತ್ತದೆ, ಫಂಗಸ್ ಬರುತ್ತದೆ.

ಪಾತ್ರೆ ಅಗಲವಾಗಿ, ಭಾರವಾಗಿ ಇರಲಿ. ಪುಡಿ 3–5 ಸೆಂಟಿಮೀಟರ್ ಆಳ ಸಾಕು. ಎತ್ತಿ ಒಳಗೆ ಕೂರಿಸಬೇಡಿ, ಮೈಮೇಲೆ ಸುರಿಯಲೂಬೇಡಿ. ಹೆದರಿದರೆ ಆ ಡಬ್ಬಿಯ ಹತ್ತಿರವೇ ಸುಳಿಯುವುದಿಲ್ಲ. ಬೆರಳಿನಿಂದ ಪುಡಿಯನ್ನು ಮೆಲ್ಲಗೆ ಕೆದಕಿ ತೋರಿಸಿ ದೂರ ಕೂತುಬಿಡಿ. ನನ್ನವುಗಳಲ್ಲಿ ಪುಕ್ಕಲು ಸ್ವಭಾವದ ಒಂದು ಹಾಗೇ ಕಲಿತದ್ದು. ಮೊದಲು ಮೀಸೆ ಆಡಿಸಿ ಮೂಸುತ್ತಿತ್ತು. ಆಮೇಲೆ ಮುಂಗಾಲಲ್ಲಿ ಪರಪರ ಕೆರೆದು, ಒಂದು ಕಡೆಯ ಗಲ್ಲ ಉಜ್ಜಿ, ಎದ್ದು ಹೋಗುತ್ತಿತ್ತು. ನಾನು ಅಷ್ಟಕ್ಕೇ ಬಿಟ್ಟೆ. ಒಂದು ಸಂಜೆ ಕೆರೆಯುತ್ತಾ ಇದ್ದದ್ದು ದಬಕ್ಕನೆ ಮಗ್ಗುಲಾಗಿ ಬಿದ್ದು ಕತ್ತೆ ಬೂದಿಯಲ್ಲಿ ಹೊರಳಿದ ಹಾಗೆ ಹೊರಳಿತು. ಎಷ್ಟು ಖುಷಿಯಾಯಿತು ಅಂತೀರಿ! ನಿಮ್ಮದೂ ಬರೀ ಕೆರೆಯುವುದರಿಂದ ಶುರು ಮಾಡಿದರೆ ಅದು ಒಳ್ಳೆಯ ಲಕ್ಷಣವೇ.

ನಿಮ್ಮ ಕಡೆ ಬೇಸಿಗೆಯಲ್ಲಿ ಸೆಕೆ ಜಾಸ್ತಿ ಅಲ್ವಾ? ತುಪ್ಪಳ ಜಿಗುಟಾಗಿ ಎಳೆಎಳೆಯಾಗಿ ಅಂಟಿಕೊಂಡರೆ ವಾರಕ್ಕೆ ಇನ್ನೊಂದೆರಡು ಸಲ ಧೂಳು ಕೊಡಿ. ಆದರೆ ಧೂಳಿನಿಂದ ಸೆಕೆ ಇಳಿಯುವುದಿಲ್ಲ. ಕೋಣೆ 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಜೀವಕ್ಕೇ ಅಪಾಯ, ಹಾಗಾಗಿ ಎಸಿ ಹಾಕಲೇಬೇಕು. ಮನೆಯಲ್ಲಿ ಯಾರಿಗಾದರೂ ಅಸ್ತಮಾ ಇದ್ದರೆ ಮೇಲೆ ಮುಚ್ಚಿದ, ಪಕ್ಕದಲ್ಲಿ ಬಾಯಿರುವ ಡಬ್ಬಿ ತನ್ನಿ. ಆ ಪುಡಿ ಕೋಣೆಯೆಲ್ಲ ಹಾರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ವಾರ ಡಬ್ಬಿಯತ್ತ ತಿರುಗಿಯೂ ನೋಡದಿದ್ದರೆ ಸಣ್ಣ ಪ್ರಾಣಿಗಳನ್ನು ನೋಡುವ ವೆಟ್ ಹತ್ತಿರ ಹೋಗಿ. ಚರ್ಮದಲ್ಲಿ ಗಾಯವೋ ನೋವೋ ಇರಬಹುದು. ಅದರ ಜೊತೆ ಹುಲ್ಲು ತಿನ್ನುವುದನ್ನೂ ಬಿಟ್ಟು ಮುದುಡಿ ಕೂತಿದ್ದರೆ ವಾರಗಟ್ಟಲೆ ಕಾಯಬೇಡಿ, ಅದೇ ದಿನ ಕರೆದುಕೊಂಡು ಹೋಗಿ.