‘ಸೂಜಿ ಚುಚ್ಚೋ ಡಾಕ್ಟ್ರು’

ಹಾಸನದ ತಾಯಿಯೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಮಗ ಅರಿವಳಿಕೆಯಲ್ಲಿ (ಅನಸ್ತೀಷಿಯಾ) ಎಂ.ಡಿ. ಮುಗಿಸುತ್ತಿದ್ದಾನೆ. ಮುಂದೆ ಐಸಿಯುನಲ್ಲೇ ಕೆಲಸ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ನೆಂಟರು ‘ಆಪರೇಷನ್ ಮಾಡೋರು ಬೇರೆ, ಇವನು ಸೂಜಿ ಚುಚ್ಚೋನು ತಾನೇ’ ಅನ್ನುತ್ತಾರಂತೆ. ಈ ದಾರಿಯಲ್ಲಿ ಹೆಸರು ಮಾಡಿದವರು ಇದ್ದಾರಾ? ಹಬ್ಬಕ್ಕಾದರೂ ಮಗ ಮನೆಗೆ ಬರುತ್ತಾನಾ? ಇವು ಅವರ ಪ್ರಶ್ನೆಗಳು.

ಅಮ್ಮಾ, ಐಸಿಯು ಕಟ್ಟಿದವರೇ ಈ ಸೂಜಿ ಚುಚ್ಚೋರು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಬಂದು ಜನ ಉಸಿರಾಡಲಾಗದೆ ಸಾಯುತ್ತಿದ್ದರು. ಗಂಟಲಿಗೆ ರಂಧ್ರ ಮಾಡಿ, ನಳಿಗೆ ಇಟ್ಟು, ರಬ್ಬರ್ ಚೀಲ ಒತ್ತಿ ಉಸಿರು ಕೊಡೋಣ ಅಂದವರು ಬ್ಯೋರ್ನ್ ಇಬ್ಸೆನ್. ಅವರೂ ಅರಿವಳಿಕೆ ವೈದ್ಯರೇ. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಮೇಲೆ ಕೂತು ಹಗಲೂ ರಾತ್ರಿ ಚೀಲ ಒತ್ತಿದರು. ಎಚ್ಚರ ತಪ್ಪಿಸುವುದು ಸ್ವಲ್ಪ ಹೊತ್ತಿನ ಕೆಲಸ. ಆಮೇಲೆ ಮಲಗಿದವರ ಉಸಿರು ಕಾಯುವುದೇ ಅರಿವಳಿಕೆಯವರ ನಿಜವಾದ ಕೆಲಸ, ಅಲ್ವಾ?

ನಿಮ್ಮ ಮಗನಿಗೆ ಇನ್ನೊಬ್ಬ ಅರಿವಳಿಕೆ ವೈದ್ಯ ಪೀಟರ್ ಸಫಾರ್ ಹೆಸರು ಗೊತ್ತೇ ಇರುತ್ತದೆ. ಒಮ್ಮೆ ಕೇಳಿ ನೋಡಿ. 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋದರು. ಐವತ್ತರ ದಶಕದಲ್ಲಿ ಬಾಲ್ಟಿಮೋರ್‌ನಲ್ಲಿ ಕೆಲಸ. ಆಗೆಲ್ಲ ನೀರಿನಲ್ಲಿ ಮುಳುಗಿದವರನ್ನು ಬೋರಲು ಮಲಗಿಸಿ, ಬೆನ್ನು ಒತ್ತಿ, ತೋಳು ಎತ್ತುತ್ತಿದ್ದರು. ಅದರಿಂದ ನಿಜಕ್ಕೂ ಗಾಳಿ ಒಳಗೆ ಹೋಗುತ್ತದೆಯೇ ಅಂತ ಸಫಾರ್ ಪರೀಕ್ಷೆ ಮಾಡಿದರು. ತಾವಾಗಿ ಮುಂದೆ ಬಂದವರಿಗೆ ನಿದ್ದೆಯ ಔಷಧ ಕೊಟ್ಟರು. ಜೊತೆಗೆ ಮೈಯ ಸ್ನಾಯುಗಳೆಲ್ಲ ಸಡಿಲವಾಗಿ ಉಸಿರೇ ನಿಲ್ಲುವ ಔಷಧವನ್ನೂ ಕೊಟ್ಟರು. ಪಕ್ಕದಲ್ಲಿ ನಿಂತವರು ಅವರ ಬಾಯಿಗೆ ಬಾಯಿ ಇಟ್ಟು ಊದಬೇಕು. ಊದುವವರಲ್ಲಿ ಡಾಕ್ಟರಲ್ಲದ ಸಾಮಾನ್ಯ ಜನರೂ ಇದ್ದರು. ಇವತ್ತಾದರೆ ಯಾವ ಎಥಿಕ್ಸ್ ಕಮಿಟಿಯೂ ಇದಕ್ಕೆ ಒಪ್ಪಲಾರದು. ನನಗಂತೂ ಬರೆಯುವಾಗಲೇ ಎದೆ ಡವಡವ.

ಗೊತ್ತಾದದ್ದು ಚಿಕ್ಕ ಸಂಗತಿ. ಎಚ್ಚರ ತಪ್ಪಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತಿದರೆ ದಾರಿ ಬಿಡುತ್ತದೆ. ನಾವು ಹೊರಗೆ ಬಿಡುವ ಉಸಿರಿನಲ್ಲೂ ನೂರಕ್ಕೆ ಸುಮಾರು 16 ಭಾಗ ಆಮ್ಲಜನಕ ಉಳಿದಿರುತ್ತದೆ. ಒಂದು ಜೀವ ಹಿಡಿದಿಡಲು ಅಷ್ಟು ಸಾಕು. ಬೆನ್ನು ಒತ್ತುವುದರಿಂದ ಪ್ರಯೋಜನ ಕಡಿಮೆ. 1960ರಲ್ಲಿ ಅದೇ ಊರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು, ಹೃದಯ ನಿಂತಾಗ ಎದೆ ಒತ್ತುವ ಕ್ರಮ ಪ್ರಕಟಿಸಿದರು. ಬಾಯಿಂದ ಊದುವುದು, ಎದೆ ಒತ್ತುವುದು, ಈ ಎರಡನ್ನೂ ಸೇರಿಸಿದ್ದೇ ಇವತ್ತಿನ ಸಿಪಿಆರ್, ಅಂದರೆ ಉಸಿರು, ಹೃದಯ ನಿಂತವರಿಗೆ ಮಾಡುವ ತುರ್ತು ಉಪಚಾರ. ಅದನ್ನು ಕಲಿಸುವ ಬೊಂಬೆ ಮಾಡಿದ್ದು ನಾರ್ವೆಯ ಆಟಿಕೆ ತಯಾರಕ ಓಸ್ಮಂಡ್ ಲ್ಯಾರ್ಡಲ್. ಇದರ ನಡುವೆಯೇ, 1958ರಲ್ಲಿ, ಸಫಾರ್ ತಮ್ಮ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಡಾಕ್ಟರು ಇರುವ ಐಸಿಯು ತೆರೆದಿದ್ದರು.

1966ರಲ್ಲಿ ಅವರ ಪುಟ್ಟ ಮಗಳಿಗೆ ಉಬ್ಬಸ ಜೋರಾಯಿತು. ಅಪ್ಪ ಊರಲ್ಲಿರಲಿಲ್ಲ. ಹೃದಯ ಮತ್ತೆ ಬಡಿಯುವಂತೆ ಮಾಡಿದರೂ ಅಷ್ಟರಲ್ಲಿ ಮಿದುಳು ಹೋಗಿಬಿಟ್ಟಿತ್ತು. ಮಗು ಉಳಿಯಲಿಲ್ಲ. ಮಿದುಳನ್ನು ಉಳಿಸುವುದು ಹೇಗೆ ಎಂಬುದನ್ನು ಅವರು ಕೊನೆತನಕ ಹುಡುಕಿದರು.

ಆಸ್ಪತ್ರೆ ತಲುಪುವ ಮುಂಚಿನ ನಿಮಿಷಗಳ ಬಗ್ಗೆಯೂ ಯೋಚಿಸಿದರು. ಆಗ, ಅವರು ಬಾಲ್ಟಿಮೋರ್ ಬಿಟ್ಟು ಬಂದು ನೆಲೆಸಿದ್ದ ಪಿಟ್ಸ್‌ಬರ್ಗ್‌ನಲ್ಲಿ ರೋಗಿಯನ್ನು ಪೊಲೀಸ್ ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು, ದಾರಿಯಲ್ಲಿ ನೋಡಿಕೊಳ್ಳುವವರೇ ಇಲ್ಲ. 1967ರಲ್ಲಿ ‘ಫ್ರೀಡಂ ಹೌಸ್’ ಆಂಬುಲೆನ್ಸ್ ಶುರುವಾಯಿತು. ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯ, ಕೆಲಸವಿಲ್ಲದ ಕಪ್ಪು ಯುವಕರಿಗೆ ಸಫಾರ್ ತರಬೇತಿ ಕೊಡಿಸಿದರು. ಗಾಡಿಯಲ್ಲೇ ಚಿಕಿತ್ಸೆ ಮಾಡುವ ಅಮೆರಿಕದ ಮೊದಮೊದಲ ತಂಡಗಳಲ್ಲಿ ಅದೂ ಒಂದು. 1975ರಲ್ಲಿ ನಗರಾಡಳಿತ ತನ್ನದೇ ವ್ಯವಸ್ಥೆ ತಂದು ಅದನ್ನು ಮುಚ್ಚಿತು. ನನಗೆ ಸಿಟ್ಟು ಬರುವ ಭಾಗ ಅದು. ಸಫಾರ್ 2003ರಲ್ಲಿ ತೀರಿಕೊಂಡರು.

ನಮ್ಮ ತಂದೆ ಐಸಿಯುನಲ್ಲಿದ್ದಾಗ ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಆರು ರಾತ್ರಿ ಕೂತಿದ್ದೆ. ನಡುರಾತ್ರಿ ಬಾಗಿಲು ತೆಗೆದು ‘ಏನಿಲ್ಲ, ಸ್ವಲ್ಪ ಮಲಗಿ’ ಎಂದ ಡಾಕ್ಟರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಬಿಲ್ಲಿನಲ್ಲಿ ಸರ್ಜನ್ ಹೆಸರು ಮಾತ್ರ ಇತ್ತು. ನೆಂಟರ ಮಾತು ಎಲ್ಲಿಂದ ಬರುತ್ತದೆ ಅಂತ ಅದಕ್ಕೇ ಅರ್ಥವಾಗುತ್ತದೆ.

ನಿಮ್ಮ ಮಗ ಎಂ.ಡಿ. ಆದ ಮೇಲೆ ಕ್ರಿಟಿಕಲ್ ಕೇರ್‌ನಲ್ಲಿ, ಅಂದರೆ ಐಸಿಯು ಚಿಕಿತ್ಸೆಯಲ್ಲಿ, ಡಿ.ಎಂ. ಎಂಬ ಇನ್ನೂ ಮೇಲಿನ ಪದವಿ ಮಾಡಬಹುದು, ಮೂರು ವರ್ಷ. ಇನ್ನು ಹಬ್ಬದ ವಿಷಯ. ಎಲ್ಲದಕ್ಕೂ ಬರಲಾರ. ದೀಪಾವಳಿಗೆ ನೈಟ್ ಡ್ಯೂಟಿ ಬಿದ್ದರೆ ಹೋಳಿಗೆಯನ್ನು ಡಬ್ಬಿಗೆ ಹಾಕಿ ಕಳಿಸಿ. ಅವನೊಬ್ಬನಿಗಲ್ಲ, ಪಾಳಿಯಲ್ಲಿರುವ ನರ್ಸುಗಳಿಗೂ ಆಗುವಷ್ಟು.