ಓದುಗರ ಪ್ರಶ್ನೆ: ನಾಲ್ಕು ಹೀರೋಗಳು, ಒಂದು ಸಿನಿಮಾ, ಎಂಟ್ರಿ ಹೇಗೆ?

ಪ್ರಶ್ನೆ: ನಾವು ಸಾಗರದ ಕಾಲೇಜ್ ಹುಡುಗರು, ಒಂದು ಸೂಪರ್‌ಹೀರೋ ಟೀಮ್ ಸಿನಿಮಾಗೆ ಸ್ಕ್ರಿಪ್ಟ್ ಬರೀತಿದೀವಿ. ಆಗುಂಬೆಲಿ ಮಳೆ ನಿಲ್ಸೋ ಹುಡುಗ, ಸಕ್ರೆಬೈಲಲ್ಲಿ ಆನೆ ಮಾತು ಗೊತ್ತಿರೋ ಕಾವಾಡಿ, ಅಡಿಕೆ ಮರದಿಂದ ಮರಕ್ಕೆ ಹಾರೋ ಕೊನೆಗಾರನ (ಮರ ಹತ್ತಿ ಅಡಿಕೆ ಕೊನೆ ಕೊಯ್ಯೋನ) ಮಗಳು, ಮೈಯಲ್ಲೇ ಕರೆಂಟ್ ಹಿಡ್ಕೊಳ್ಳೋ ಲೈನ್‌ಮ್ಯಾನ್. ವಿಲನ್ ಕಣ್ಣು ಲಿಂಗನಮಕ್ಕಿ ಡ್ಯಾಮ್ ಮೇಲೆ. ಆದ್ರೆ ನಾಲ್ಕೂ ಜನರ ಪರಿಚಯ ಮುಗಿಯೋಷ್ಟ್ರಲ್ಲಿ ಇಂಟರ್‌ವಲ್ ಬಂದ್ಬಿಡ್ತಿದೆ. ಏನ್ಮಾಡೋದು?

ಉತ್ತರ: ಮಾರಾಯ್ರೆ, ಐಡಿಯಾ ತುಂಬಾ ಚೆನ್ನಾಗಿದೆ, ಅದ್ರಲ್ಲೂ ಆ ಕೊನೆಗಾರನ ಮಗಳು. ಕೆಳಗಿಳೀದೆ ಮರದಿಂದ ಮರಕ್ಕೆ ಹಾಯೋದು ನಮ್ಮ ತೋಟಗಳಲ್ಲಿ ನಿಜವಾಗ್ಲೂ ಮಾಡೋ ಕೆಲಸ, ಹಾಗಾಗಿ ಆ ಶಕ್ತಿ ಎಲ್ಲಿಂದ ಬಂತು ಅಂತ ವಿವರಿಸೋದೇ ಬೇಡ. ತೊಂದರೆ ಏನಂದ್ರೆ ನೀವು ಒಬ್ಬೊಬ್ರನ್ನೂ ಬೇರೆ ಬೇರೆ ಊರಲ್ಲಿ ಒಂಟಿಯಾಗಿ ನಿಲ್ಸಿ ಪರಿಚಯ ಮಾಡ್ತಿದೀರಿ. ಟೀಮ್ ಸಿನಿಮಾದಲ್ಲಿ ಒಬ್ಬ ಹೀರೋನ ಪರಿಚಯ ಇನ್ನೊಬ್ಬ ಹೀರೋ ಮೂಲಕ ಆಗ್ಬೇಕು, ಇದನ್ನ ನಾನು ಗಟ್ಟಿಯಾಗೇ ಹೇಳ್ತೀನಿ.

2012ರ ಅವೆಂಜರ್ಸ್‌ಗೆ ಮುಂಚೆ 2008ರಿಂದ 2011ರೊಳಗೆ ಐದು ಸಿನಿಮಾ ಬಂದಿದ್ವು, ಐರನ್ ಮ್ಯಾನ್, ಥಾರ್ ಎಲ್ಲ ಯಾರು ಅಂತ ಜನಕ್ಕೆ ಗೊತ್ತಿತ್ತು, ಆ ಅನುಕೂಲ ನಿಮಗಿಲ್ಲ. ಹಾಗಾಗಿ ಆಗ ಸ್ವಂತ ಸಿನಿಮಾನೇ ಇಲ್ಲದಿದ್ದ ಬ್ಲ್ಯಾಕ್ ವಿಡೋ ಅನ್ನೋ ಗೂಢಚಾರಿಣಿಯ ಸೀನ್ ನೋಡಿ. ಅವಳನ್ನ ಕುರ್ಚಿಗೆ ಕಟ್ಟಿಹಾಕಿದಾರೆ, ಪಾಪ ಸಿಕ್ಕಿಬಿದ್ಲು ಅಂದ್ಕೊಳ್ಳೋಷ್ಟ್ರಲ್ಲಿ ಫೋನ್ ಬರತ್ತೆ, ನೋಡಿದ್ರೆ ವಿಚಾರಣೆ ಮಾಡ್ತಿರೋಳೇ ಅವಳು, ಬರಲ್ಲ ಅಂತಾಳೆ, ಆಮೇಲೆ ತನ್ನ ಜೊತೆಗಾರ ಹಾಕ್‌ಐ ಶತ್ರು ಕೈಗೆ ಸಿಕ್ಕಿದಾನೆ ಅಂತ ಕೇಳಿದ್ದೇ ತಡ ಕುರ್ಚಿ ಸಮೇತ ಎದ್ದು ಎಲ್ರನ್ನೂ ಮಲಗಿಸಿ ಹೊರಡ್ತಾಳೆ. ಅವಳ ಬುದ್ಧಿ, ಅವಳ ಕೈಚಳಕ, ಅವಳಿಗೆ ಯಾರ ಮೇಲೆ ಜೀವ, ಎಲ್ಲ ಒಂದೇ ಸೀನಲ್ಲಿ. ಮುಂದೆ ಅವಳೇ ಕೋಲ್ಕತ್ತಾಗೆ ಹೋಗಿ, ಸಿಟ್ಟು ಬಂದ್ರೆ ಹಲ್ಕ್ ಅನ್ನೋ ದೈತ್ಯ ಆಗೋ ಬ್ಯಾನರ್‌ನ ಕರೀತಾಳೆ, ಅಲ್ಲಿ ಹಲ್ಕ್ ಕಾಣಿಸೋದೇ ಇಲ್ಲ, ಬ್ಯಾನರ್ ಸುಮ್ನೆ ಒಂದ್ಸಲ ಟೇಬಲ್ ತಟ್ಟಿ ಕೂಗ್ತಾನೆ, ಇವಳು ಗನ್ ಹಿಡೀತಾಳೆ. ಯಾರಿಗೂ ಹೆದರದ ಹೆಂಗಸು ಹೆದರಿದ್ಲು ಅಂದ್ರೆ ಆ ಮನುಷ್ಯ ಎಂಥೋನು ಅಂತ ನಮಗೆ ಗೊತ್ತಾಯ್ತಲ್ಲ, ಗ್ರಾಫಿಕ್ಸೂ ಬೇಕಾಗ್ಲಿಲ್ಲ.

2014ರ ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿನಲ್ಲಂತೂ ಕ್ವಿಲ್ ಅನ್ನೋ ಹೀರೋ ಕೈಲಿರೋ ಒಂದು ಗೋಳ ಇಟ್ಕೊಂಡು ಎಲ್ಲರನ್ನೂ ಜಗಳಕ್ಕೆ ಬಿಟ್ಟಿದಾರೆ. ಗಮೋರಾಗೆ ಗೋಳ ಬೇಕು, ರಾಕೆಟ್‌ಗೂ ಗ್ರೂಟ್‌ಗೂ ಕ್ವಿಲ್‌ನ ಹಿಡಿದು ಸಿಗೋ ದುಡ್ಡು ಬೇಕು, ಕ್ವಿಲ್‌ಗೆ ತಪ್ಪಿಸ್ಕೊಂಡ್ರೆ ಸಾಕು. ಒಂದೇ ಹೊಡೆದಾಟದಲ್ಲಿ ನಾಲ್ಕೂ ಜನರ ಸ್ವಭಾವ ಗೊತ್ತಾಗತ್ತೆ.

ನಿಮ್ಮ ಕಥೆಗೆ ಇದು ಸಲೀಸಾಗಿ ಕೂರತ್ತೆ. ಜುಲೈ ತಿಂಗಳು, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೀಬೇಕು, ಮಳೆ ಹೊಳವಾಗ್ತಾನೇ ಇಲ್ಲ, ಆ ಹುಡುಗಿ ತಲೆ ಮೇಲೆ ಕೈಹೊತ್ತು ಕೂತಿದಾಳೆ. ಅವಳ ಮುಖ ನೋಡಿ ಹುಡುಗ ಗುಟ್ಟಾಗಿ ಮಳೆ ನಿಲ್ಲಿಸ್ತಾನೆ. ಅವಳು ಮರದ ತುದಿಗೆ ಏರಿದಾಗ ಅವಳ ಶಕ್ತಿನ ಮೊದ್ಲು ನೋಡೋನೂ ಅವನೇ. ಇತ್ತ ಸಕ್ರೆಬೈಲಲ್ಲಿ ಆನೆ ಮೀಯ್ಸೋ ಹೊತ್ತಿಗೆ ತುಂಗೆ ನೀರು ಇಳೀತಿದೆ, ಆನೆ ನೀರಿಗೇ ಇಳೀತಿಲ್ಲ, ಏನೋ ಸರಿಯಿಲ್ಲ ಅಂತ ಕಾವಾಡಿಗೆ ಆನೆನೇ ಹೇಳತ್ತೆ. ತಡೆದ ಮಳೆ ಎಲ್ಲಿ ಹೋಗ್ಬೇಕು? ಶರಾವತಿ ಹುಟ್ಟೋ ಅಂಬುತೀರ್ಥದ ಕಡೆ ಸುರಿದು ಲಿಂಗನಮಕ್ಕಿ ಡ್ಯಾಮ್ ಪೂರ್ತಿ ತುಂಬೋ 1819 ಅಡಿ ಮಟ್ಟ ಮುಟ್ಟಲಿ, ವಿಲನ್ ಕಾಯ್ತಿದ್ದಿದ್ದೂ ಅದಕ್ಕೇ. ಪವರ್‌ಹೌಸ್ ಲೈನ್ ಮೇಲಿರೋ ಲೈನ್‌ಮ್ಯಾನ್‌ಗೆ ಮೊದಲ ಪೆಟ್ಟು. ಒಂದು ಮಳೆ ನಿಂತಿದ್ದಕ್ಕೆ ನಾಲ್ಕೂ ಜನ ಬಂದ್ರು, ಜೊತೆಗೆ ಉಳಿದ ಮೂವರಿಗೂ ಆ ಹುಡುಗನ ಮೇಲೆ ಸಿಟ್ಟು ಬರೋಕೆ ನ್ಯಾಯವಾದ ಕಾರಣನೂ ಸಿಕ್ತು. ಇಪ್ಪತ್ತು ನಿಮಿಷ ಸಾಕು.

ಪ್ರಶ್ನೆ: ನಮ್ ಕಡೆ ಹೀರೋ ಬಂದ್ರೆ ಶಿಳ್ಳೆ ಬೀಳ್ಬೇಕು ಸರ್. ಎಲ್ರಿಗೂ ಸ್ಲೋ ಮೋಷನ್ ಬಿಲ್ಡಪ್ ಕೊಟ್ರೆ ತಪ್ಪಾ? (ತೀರ್ಥಹಳ್ಳಿ ಓದುಗರು)

ಉತ್ತರ: ಎಲ್ರಿಗೂ ಕೊಟ್ರೆ ತಪ್ಪು, ಒಬ್ರಿಗೆ ಕೊಡಿ. ನೀವು ಬಡಗುತಿಟ್ಟಿನ ಯಕ್ಷಗಾನ ಆಟ ನೋಡಿರ್ತೀರಿ. ಪಾಂಡವರ ಒಡ್ಡೋಲಗದಲ್ಲಿ, ಅಂದ್ರೆ ಅವರು ರಂಗಕ್ಕೆ ಬರೋ ಮೊದಲ ಕುಣಿತದಲ್ಲಿ, ಐದೂ ಜನ ಒಟ್ಟಿಗೆ ಕುಣೀತಾ ಬರ್ತಾರೆ, ಇವರು ಒಂದು ಮನೆಯೋರು ಅಂತ ಕುಣಿತನೇ ಹೇಳಿಬಿಡತ್ತೆ, ಆಮೇಲೆ ಭಾಗವತರು ಮಾತಾಡಿಸ್ತಾರೆ, ಪೀಠಿಕೆ ಶುರುವಾಗತ್ತೆ. ರಾಕ್ಷಸ ವೇಷ ಬಂದಾಗ ಮಾತ್ರ ತೆರೆ ಹಿಂದಿನಿಂದ ಅಬ್ಬರ, ಚೆಂಡೆ ಏರ್ತಾ ಹೋಗತ್ತೆ, ಮುಖ ಕಾಣೋಕೆ ಎಷ್ಟೋ ಹೊತ್ತು ಕಾಯ್ಬೇಕು, ಮಲಗಿದ್ದ ಮಕ್ಕಳೆಲ್ಲ ಎದ್ದು ಕೂರ್ತವೆ. ಐದೂ ಪಾಂಡವರಿಗೆ ಹಾಗೇ ಮಾಡಿದ್ರೆ ಬೆಳಗಾಗೋಗತ್ತೆ, ರಾಕ್ಷಸನಿಗೂ ಬೆಲೆ ಇರಲ್ಲ.

ಪ್ರಶ್ನೆ: ಫ್ಲ್ಯಾಶ್‌ಬ್ಯಾಕ್ ಇಲ್ದೆ ಹೀರೋ ಮೇಲೆ ಪ್ರೀತಿ ಹುಟ್ಟತ್ತಾ? (ಭದ್ರಾವತಿ)

ಉತ್ತರ: ಹುಟ್ಟತ್ತೆ. 1954ರ ಸೆವೆನ್ ಸಮುರಾಯ್‌ನಲ್ಲಿ ಕಂಬೆಯ್ ಅನ್ನೋ ಹಿರಿಯ, ಕಳ್ಳನ ಕೈಲಿ ಸಿಕ್ಕ ಮಗು ಉಳ್ಸೋಕೆ ಸಮುರಾಯ್ ಮರ್ಯಾದೆಯ ಜುಟ್ಟನ್ನೇ ಬೋಳಿಸ್ಕೊಂಡು ಸನ್ಯಾಸಿ ವೇಷ ಹಾಕ್ತಾನೆ. ಅವನ ಹಿಂದಿನ ಕಥೆ ಏನೂ ಗೊತ್ತಿಲ್ಲ, ಆದ್ರೂ ಅವನ ಹಿಂದೆ ಹೋಗ್ಬೇಕು ಅನ್ಸತ್ತೆ, ಮುಂದೆ ಟೀಮ್ ಸೇರೋ ಇಬ್ರು ಅದೇ ಗುಂಪಲ್ಲಿ ನಿಂತು ಇದನ್ನ ನೋಡ್ತಿರ್ತಾರೆ ಬೇರೆ. ಹಾಗಂತ ಫ್ಲ್ಯಾಶ್‌ಬ್ಯಾಕೇ ಬೇಡ ಅಂತಿಲ್ಲ. 2017ರ ಜಸ್ಟಿಸ್ ಲೀಗ್ ಎರಡು ಗಂಟೆದು, ಅದ್ರಲ್ಲಿ ಟೀಮ್‌ನ ಹೀರೋಗಳಲ್ಲಿ ಒಬ್ಬನಾದ ಸೈಬಾರ್ಗ್ ಕಥೆ ಇಕ್ಕಟ್ಟಾಗೋಯ್ತು, 2021ರಲ್ಲಿ ಬಂದ ನಾಲ್ಕು ಗಂಟೆ ಆವೃತ್ತಿಲಿ ಅವನ ತಂದೆ ಕಥೆಗೆ ಜಾಗ ಸಿಕ್ಕಿ ಅವನೇ ಸಿನಿಮಾದ ಜೀವ ಆದ. ನಾಲ್ಕು ಗಂಟೆ ನಿಮಗ್ಯಾರೂ ಕೊಡಲ್ಲ, ಹಾಗಾಗಿ ಒಬ್ಬರನ್ನ ಆರಿಸ್ಕೊಂಡು ಅವರೊಬ್ಬರ ಹಿಂದಿನ ಕಥೆ ಮಾತ್ರ ಹೇಳಿ, ಅದೂ ಇಂಟರ್‌ವಲ್ ಆದ್ಮೇಲೆ.