ಸಂಘದ ಚುನಾವಣೆ: ಅರ್ಜಿ ಬಂದ ಮೇಲೆ ಎಚ್ಚರಗೊಂಡರೆ ತಡ

ಪ್ರಶ್ನೆ: ನಮ್ಮ ಕುಟುಂಬದ ಸಂಸ್ಥೆ ಅಮೆರಿಕದಲ್ಲಿ ಸುಮಾರು ನೂರು ಜನ ದುಡಿಯುವ ಒಂದು ಉಗ್ರಾಣವನ್ನು ನಡೆಸುತ್ತಿದೆ. ಅಲ್ಲಿ ಕಾರ್ಮಿಕ ಸಂಘ ತಮ್ಮನ್ನು ಪ್ರತಿನಿಧಿಸಬೇಕೇ ಬೇಡವೇ ಎಂದು ನೌಕರರು ಮತ ಹಾಕಿ ತೀರ್ಮಾನಿಸುವ ಚುನಾವಣೆಗಳು ಹೆಚ್ಚುತ್ತಿವೆ ಎಂದು ಓದುತ್ತೇವೆ. ಸಂಘಗಳ ಬಲ ಕುಗ್ಗುತ್ತಿದೆ ಎಂದೂ ಓದುತ್ತೇವೆ. ಯಾವುದು ನಿಜ? ಮಾಲೀಕರಾಗಿ ನಾವು ಏನನ್ನು ಗಮನದಲ್ಲಿಡಬೇಕು?

ಉತ್ತರ: 2024ರವರೆಗಿನ ಅಂಕಿಅಂಶಗಳ ಪ್ರಕಾರ ಎರಡೂ ನಿಜ. 1983ರಲ್ಲಿ ಅಮೆರಿಕದ ನೌಕರರಲ್ಲಿ ಶೇ. 20.1ರಷ್ಟು ಜನ ಸಂಘಗಳ ಸದಸ್ಯರಾಗಿದ್ದರು. 2024ರಲ್ಲಿ ಆ ಪ್ರಮಾಣ ಶೇ. 9.9ಕ್ಕೆ ಇಳಿದಿತ್ತು, ಖಾಸಗಿ ವಲಯದಲ್ಲಂತೂ ಕೇವಲ ಶೇ. 5.9. ಆದರೆ ಈ ಚುನಾವಣೆಗಳನ್ನು ನಡೆಸುವ ಸರ್ಕಾರಿ ಸಂಸ್ಥೆಯಾದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ಚುನಾವಣೆ ಕೋರಿ 2021ರ ಆರ್ಥಿಕ ವರ್ಷದಲ್ಲಿ ಬಂದ ಅರ್ಜಿಗಳು 1,638, 2024ರಲ್ಲಿ 3,286. ಮೂರೇ ವರ್ಷಗಳಲ್ಲಿ ಅರ್ಜಿಗಳು ಇಮ್ಮಡಿಯಾದರೂ ಒಟ್ಟು ಸದಸ್ಯತ್ವದ ಪ್ರಮಾಣ ಏರದಿರುವುದಕ್ಕೆ ಮುಖ್ಯ ಕಾರಣವೆಂದರೆ, ಈ ಚುನಾವಣೆಗಳಲ್ಲಿ ಬಹಳಷ್ಟು ಒಂದೊಂದು ಅಂಗಡಿಗೆ, ಒಂದೊಂದು ವಿಭಾಗಕ್ಕೆ ಸೀಮಿತವಾಗಿದ್ದು, ಕೆಲವು ಕಡೆ ಮತದಾರರ ಸಂಖ್ಯೆ ಇಪ್ಪತ್ತು ಮೂವತ್ತನ್ನು ದಾಟುವುದಿಲ್ಲ. 2021ರ ಡಿಸೆಂಬರಿನಲ್ಲಿ ಬಫೆಲೋ ನಗರದ ಒಂದು ಸ್ಟಾರ್‌ಬಕ್ಸ್ ಮಳಿಗೆಯಲ್ಲಿ ಸಂಘ ಗೆದ್ದ ಮೇಲೆ ಇದೇ ಮಾದರಿ ನೂರಾರು ಮಳಿಗೆಗಳಿಗೆ ಹಬ್ಬಿತು. ನಮ್ಮದು ಸಣ್ಣ ಘಟಕ, ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ಧೈರ್ಯಕ್ಕೆ ಈಗ ಆಧಾರವಿಲ್ಲ.

ದೊಡ್ಡ ಕಡೆಗಳಲ್ಲಿ ಫಲಿತಾಂಶ ಎತ್ತ ಬೇಕಾದರೂ ವಾಲಬಹುದು. 2022ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಅಮೆಜಾನ್ ಉಗ್ರಾಣದಲ್ಲಿ ಸಂಘದ ಪರವಾಗಿ 2,654, ವಿರುದ್ಧವಾಗಿ 2,131 ಮತಗಳು ಎಣಿಕೆಯಾದವು. ಟೆನೆಸಿ ರಾಜ್ಯದ ಚಟ್ಟನೂಗದ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ 2014ರಲ್ಲೂ 2019ರಲ್ಲೂ ಸೋತಿದ್ದ ವಾಹನ ಕಾರ್ಮಿಕರ ಸಂಘ 2024ರ ಏಪ್ರಿಲಿನಲ್ಲಿ ಸುಮಾರು ಶೇ. 73 ಮತಗಳೊಡನೆ ಗೆದ್ದಿತು. ಮರು ತಿಂಗಳೇ ಅಲಬಾಮಾದ ಮರ್ಸಿಡಿಸ್ ಕಾರ್ಖಾನೆಯಲ್ಲಿ ಸೋತಿತು. ಆದರೂ ಇತ್ತೀಚಿನ ವರ್ಷಗಳ ಚುನಾವಣೆಗಳನ್ನು ಒಟ್ಟಾಗಿ ನೋಡಿದರೆ ಹತ್ತರಲ್ಲಿ ಏಳಕ್ಕೂ ಹೆಚ್ಚು ಕಡೆ ಗೆಲುವು ಸಂಘಗಳದ್ದೇ.

ಇದೇಕೆ ಎಂಬುದು ಮಾಲೀಕರು ಅರಿಯಬೇಕಾದ ಮುಖ್ಯ ಸಂಗತಿ. ಕಾನೂನಿನ ಪ್ರಕಾರ ಶೇ. 30ರಷ್ಟು ನೌಕರರ ಸಹಿ ಇದ್ದರೆ ಅರ್ಜಿ ಸಲ್ಲಿಸಬಹುದು. ಆದರೆ ಅನುಭವಿ ಸಂಘಟಕರು ಅರ್ಧಕ್ಕಿಂತ ಸಾಕಷ್ಟು ಹೆಚ್ಚು ಸಹಿಗಳು ಕೈಸೇರುವವರೆಗೆ ಮಂಡಳಿಯ ಬಾಗಿಲಿಗೆ ಹೋಗುವುದಿಲ್ಲ. ಅರ್ಜಿಯ ಪ್ರತಿ ನಿಮ್ಮ ಮೇಜಿಗೆ ಬರುವಷ್ಟರಲ್ಲಿ ಪಾಳಿಯ ಪಟ್ಟಿ, ತಡೆಹಿಡಿದ ರಜೆ, ಒರಟು ಮೇಲ್ವಿಚಾರಕ ಇವುಗಳ ಬಗ್ಗೆ ನೌಕರರು ತಿಂಗಳುಗಟ್ಟಲೆ ತಮ್ಮೊಳಗೆ ಮಾತಾಡಿ ಮುಗಿಸಿರುತ್ತಾರೆ. ಆಮೇಲೆ ಉಳಿಯುವುದು ಕೆಲವೇ ವಾರಗಳು. 2023ರ ಡಿಸೆಂಬರಿನಲ್ಲಿ ಜಾರಿಗೆ ಬಂದ ನಿಯಮದಂತೆ ಮಂಡಳಿಯ ಚುನಾವಣಾಪೂರ್ವ ವಿಚಾರಣೆ ಸಾಮಾನ್ಯವಾಗಿ ಅದರ ನೋಟಿಸು ಹೊರಟ ಎಂಟು ದಿನಗಳಲ್ಲೇ ಆರಂಭವಾಗುತ್ತದೆ.

ಆ ವಾರಗಳಲ್ಲಿ ಆಡುವ ಮಾತು, ಇಡುವ ಹೆಜ್ಜೆ ಎರಡಕ್ಕೂ ಕಟ್ಟಳೆಗಳಿವೆ. ಸಂಘದ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಹೇಳುವ ಹಕ್ಕು ಕಾರ್ಮಿಕ ಸಂಬಂಧ ಕಾನೂನಿಗೆ 1947ರಲ್ಲಿ ಆದ ತಿದ್ದುಪಡಿಯಿಂದ ನಿಮಗಿದೆ. ಬೆದರಿಸುವುದು, ಯಾರು ಸಹಿ ಮಾಡಿದರೆಂದು ಒತ್ತಾಯಿಸಿ ಕೇಳುವುದು, ಸಂಘ ಬೇಡವೆನ್ನಲೆಂದು ಸಂಬಳ ಹೆಚ್ಚಳದ ಆಸೆ ತೋರಿಸುವುದು, ಸಭೆಗಳ ಮೇಲೆ ಕಣ್ಣಿಡುವುದು, ಇವೆಲ್ಲ ನಿಷಿದ್ಧ. ಸೆಮೆಕ್ಸ್ ಎಂಬ ಸಿಮೆಂಟ್ ಕಂಪನಿಯ ಪ್ರಕರಣದಲ್ಲಿ 2023ರ ಆಗಸ್ಟಿನಲ್ಲಿ ಕೊಟ್ಟ ತೀರ್ಪಿನಲ್ಲಿ ಮಂಡಳಿ ಇನ್ನೂ ಮುಂದೆ ಹೋಗಿ, ಚುನಾವಣೆಯನ್ನು ಅಸಿಂಧುಗೊಳಿಸುವಷ್ಟು ಗಂಭೀರವಾದ ತಪ್ಪನ್ನು ಮಾಲೀಕರು ಮಾಡಿದರೆ ಮರುಚುನಾವಣೆಯ ಬದಲು ನೇರವಾಗಿ ಸಂಘದೊಡನೆ ಮಾತುಕತೆಗೆ ಆದೇಶಿಸಬಹುದು ಎಂದಿತು. ನೌಕರರನ್ನು ಕಡ್ಡಾಯವಾಗಿ ಕೂರಿಸಿ ಸಂಘವಿರೋಧಿ ಭಾಷಣ ಕೇಳಿಸುವುದನ್ನು 2024ರ ನವೆಂಬರಿನಲ್ಲಿ ಕಾನೂನುಬಾಹಿರವೆಂದು ಸಾರಿತು.

ಈ ತೀರ್ಪುಗಳು ಸ್ಥಿರವೆಂದು ಭಾವಿಸಬೇಡಿ. ಮಂಡಳಿಯ ಸದಸ್ಯರನ್ನು ನೇಮಿಸುವವರು ದೇಶದ ಅಧ್ಯಕ್ಷರಾದ್ದರಿಂದ ಅಧಿಕಾರ ಬದಲಾದಂತೆ ನಿಲುವೂ ಬದಲಾಗುತ್ತದೆ. 2025ರ ಜನವರಿಯಲ್ಲಿ ಒಬ್ಬ ಸದಸ್ಯರನ್ನು ಅಧ್ಯಕ್ಷರು ವಜಾ ಮಾಡಿದಾಗ ತೀರ್ಪು ನೀಡಲು ಬೇಕಾದ ಮೂವರು ಸದಸ್ಯರೇ ಇಲ್ಲದಂತಾಯಿತು; ಆದರೂ ಪ್ರಾದೇಶಿಕ ಕಚೇರಿಗಳು ಚುನಾವಣೆಗಳನ್ನು ನಡೆಸುತ್ತಲೇ ಇದ್ದವು. ಕನೆಕ್ಟಿಕಟ್, ಮಿನೆಸೋಟ, ನ್ಯೂಯಾರ್ಕ್ ಮುಂತಾದ ರಾಜ್ಯಗಳು ಇಂಥ ಕಡ್ಡಾಯ ಸಭೆಗಳ ವಿರುದ್ಧ ತಮ್ಮದೇ ಕಾಯಿದೆಗಳನ್ನು ಮಾಡಿವೆ. ಉಗ್ರಾಣವಿರುವ ರಾಜ್ಯದ ವಕೀಲರನ್ನು ಮೊದಲು ಕೇಳಿರಿ.

ನನ್ನ ಸಲಹೆ ಇಷ್ಟೇ: ಪ್ರಚಾರ ಸಲಹೆಗಾರರಿಗೆ ಸುರಿಯುವ ಹಣವನ್ನು ಮೇಲ್ವಿಚಾರಕರ ತರಬೇತಿಗೂ, ದೂರುಗಳಿಗೆ ನಿಗದಿತ ಅವಧಿಯಲ್ಲಿ ಲಿಖಿತ ಉತ್ತರ ಕೊಡುವ ಏರ್ಪಾಡಿಗೂ ಇಂದೇ ವಿನಿಯೋಗಿಸಿರಿ. ಅರ್ಜಿ ಬಂದ ಮೇಲೆ ಇದನ್ನೇ ಅವಸರದಲ್ಲಿ ಮಾಡಿದರೆ ಮತಕ್ಕಾಗಿ ಒಡ್ಡಿದ ಆಮಿಷವೆಂಬ ಆರೋಪಕ್ಕೆ ಗುರಿಯಾಗುತ್ತೀರಿ. ಸಂಘವೊಂದನ್ನು ತಡೆಯುವ ತಂತ್ರವಾಗಿ ಮಾತ್ರ ಇದನ್ನು ಹೇಳುತ್ತಿಲ್ಲ. ಅಲ್ಲಿ ದುಡಿಯುವವರಿಗೆ ಅದು ಸಲ್ಲಬೇಕಾದದ್ದೇ.

ಪ್ರಶ್ನೆ: ಸಂಘ ಗೆದ್ದರೆ ಅವರು ಕೇಳಿದ ಸಂಬಳವನ್ನು ಕೊಡಲೇಬೇಕೆ?

ಉತ್ತರ: ಇಲ್ಲ. ಸದ್ಭಾವದಿಂದ ಮಾತುಕತೆಗೆ ಕೂರುವುದು ಕಡ್ಡಾಯ. ಯಾವುದೇ ಬೇಡಿಕೆಯನ್ನು ಒಪ್ಪುವುದು ಕಡ್ಡಾಯವಲ್ಲ. ಆದರೆ ಸಂಬಳ, ಕೆಲಸದ ವೇಳೆ ಮುಂತಾದವುಗಳನ್ನು ಸಂಘದೊಡನೆ ಮಾತಾಡದೆ ನೀವಾಗಿಯೇ ಬದಲಿಸುವಂತಿಲ್ಲ. ಮೊದಲ ಒಪ್ಪಂದಕ್ಕೆ ಹಲವೆಡೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.